ಫಿಸಿಕ್ಸ್‌ನಲ್ಲಿ 41 ಬಂದಿದೆ, ನರ್ಸಿಂಗ್ ಸಿಗುತ್ತಾ?

ಕಳೆದ ವರ್ಷ ಪಿಯುಸಿ ರಿಸಲ್ಟ್ ಬಂದ ದಿನ ಸಂಜೆ ಪಕ್ಕದ ಮನೆ ಹುಡುಗಿ ನಮ್ಮ ಅಂಗಳಕ್ಕೆ ಬಂದು ನಿಂತಳು. ಕಣ್ಣು ಕೆಂಪಗಾಗಿತ್ತು. "ಅಕ್ಕ, ಫಿಸಿಕ್ಸ್‌ನಲ್ಲಿ 41, ಮ್ಯಾಥ್ಸ್‌ನಲ್ಲಿ 35. ನರ್ಸಿಂಗ್ ಆಸೆ ಬಿಡೋದೇ ಅಲ್ವಾ?" ಮೊಬೈಲ್ ಇಸ್ಕೊಂಡು ನೋಡಿದೆ. ಫಿಸಿಕ್ಸ್ 41, ಕೆಮಿಸ್ಟ್ರಿ 38, ಬಯಾಲಜಿ 58. ಕೂಡಿದರೆ 137. "ಏ ಮಾರಾಯ್ತಿ, ನಿಂಗೆ ಬಿಎಸ್ಸಿ ನರ್ಸಿಂಗಿಗೇ ಅರ್ಹತೆ ಇದೆ, ಸುಮ್ನೆ ಯಾಕೆ ಅಳ್ತೀಯ" ಅಂದೆ. ಅವಳು ನಂಬಲಿಲ್ಲ. ಒಳಗಿಂದ ಕ್ಯಾಲೆಂಡರ್ ತಂದು ಅದರ ಹಿಂದೆ ಬರೆದು ತೋರಿಸಬೇಕಾಯಿತು.

ಅವತ್ತು ಬರೆದ ಲೆಕ್ಕ ಇಷ್ಟೇ. ಬಿಎಸ್ಸಿ ನರ್ಸಿಂಗಿಗೆ ನೋಡುವುದು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ ಸೇರಿಸಿದ ಅಂಕ. ಒಟ್ಟು 300ಕ್ಕೆ ಶೇ. 45, ಅಂದರೆ 135 ಬೇಕು. ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಶೇ. 40, ಅಂದರೆ 120 ಸಾಕು. ಒಂದೊಂದರಲ್ಲೂ 45 ಬರಬೇಕು ಅಂತಿಲ್ಲ, ಪಾಸಾಗಿದ್ದರೆ ಆಯಿತು, ಒಂದರಲ್ಲಿ ಬಿದ್ದದ್ದನ್ನು ಇನ್ನೊಂದು ಎತ್ತುತ್ತದೆ. ಮ್ಯಾಥ್ಸ್ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಕನ್ನಡದಲ್ಲಿ 95 ಬಂದಿದ್ದರೂ ಅದೂ ಬರುವುದಿಲ್ಲ. ಇಂಗ್ಲಿಷ್ ಪಾಸಾಗಿರಬೇಕು, ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಹಾಗಾಗಿ ಒಟ್ಟು ಶೇಕಡಾವಾರು ನೋಡಿ ಅಳುವ ಮೊದಲು ಈ ಮೂರನ್ನು ಕೂಡಿ ನೋಡಿ.

ನನ್ನ ಕಾಲದಲ್ಲಿ ಇದನ್ನು ಹೇಳುವವರು ಯಾರೂ ಇರಲಿಲ್ಲ. ನನಗೆ ಬಂದಿದ್ದು 36, 38, 52. ಒಟ್ಟು 126. ಜನರಲ್ ಮೆರಿಟ್, ಒಂಬತ್ತು ಅಂಕ ಕಮ್ಮಿ. ಒಬ್ಬ ಏಜೆಂಟ್ ಮನೆಗೇ ಬಂದು, ಅಪ್ಪಯ್ಯನ ಹತ್ತಿರ "ಅದೆಲ್ಲ ನಾವು ನೋಡ್ಕೊಳ್ತೀವಿ, ನೀವು ಅಡ್ವಾನ್ಸ್ ಕೊಡಿ ಸಾಕು" ಅಂದ. ಆ ವರ್ಷದ ಅಡಿಕೆ ದುಡ್ಡಲ್ಲಿ ಹತ್ತು ಸಾವಿರ ಹೋಯಿತು. ಅಂಕ ಕಮ್ಮಿ ಇದ್ದವರ ಸೀಟನ್ನು ವಿಶ್ವವಿದ್ಯಾಲಯ ಒಪ್ಪುವುದಿಲ್ಲ ಅಂತ ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು, ವಾಪಸ್ ಬಂದಿದ್ದು ಅರ್ಧ. ಕಾಲೇಜಿನವರು ಸೀಟು ಕೊಟ್ಟರೂ ಅರ್ಹತೆ ಇಲ್ಲದಿದ್ದರೆ ಪರೀಕ್ಷೆಗೆ ಕೂರಲು ಆಗುವುದಿಲ್ಲ. "ಮ್ಯಾನೇಜ್‌ಮೆಂಟ್ ಸೀಟಿಗೆ ಪರ್ಸೆಂಟೇಜ್ ಬೇಡ" ಅನ್ನುವವರು ಸಿಕ್ಕರೆ ಕಾಫಿ ಕೊಟ್ಟು ಕಳಿಸಿ, ಅಡ್ವಾನ್ಸ್ ಕೊಡಬೇಡಿ.

ಹತ್ತು, ಹದಿನೈದು ಅಂಕ ಕಮ್ಮಿ ಇದ್ದರೆ ಈಗ ನಿಮಗೊಂದು ಅನುಕೂಲ ಇದೆ, ನಮಗಿರಲಿಲ್ಲ. 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬಂತೋ ಅದೇ ಉಳಿಯುತ್ತದೆ. ಕಮ್ಮಿ ಬಂದರೆ ನಷ್ಟ ಇಲ್ಲ. ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಿ. ಎಲ್ಲಿ ಅಂಕ ಹೋಯಿತು ಅಂತ ನೋಡದೆ ಮತ್ತೆ ಓದಿದರೆ ಅದೇ ತಪ್ಪು ಮತ್ತೆ ಮಾಡುತ್ತೀರಿ. ಕೂಡುವುದರಲ್ಲೇ ತಪ್ಪಿದ್ದರೆ ಮರು ಎಣಿಕೆಗೆ ಹಾಕಬಹುದು.

ಮೂರನ್ನೂ ಒಟ್ಟಿಗೆ ಎತ್ತಲು ಹೋಗಬೇಡಿ. ಬಯಾಲಜಿಯಲ್ಲಿ ಹತ್ತು ಅಂಕ ಏರಿಸುವುದು ಫಿಸಿಕ್ಸ್‌ನಲ್ಲಿ ನಾಲ್ಕು ಏರಿಸುವುದಕ್ಕಿಂತ ಸುಲಭ, ಇದು ನನ್ನ ಅಭಿಪ್ರಾಯ, ಫಿಸಿಕ್ಸ್ ಮೇಷ್ಟ್ರು ಬೈದರೆ ಬೈಯಲಿ. ಮಾನವ ಸಂತಾನೋತ್ಪತ್ತಿ, ಆನುವಂಶಿಕತೆ, ಆರೋಗ್ಯ ಮತ್ತು ರೋಗಗಳು, ಈ ಪಾಠಗಳನ್ನು ಚಿತ್ರ ಸಮೇತ ಬರೆದು ಬರೆದು ಕಲಿಯಿರಿ. ಮಲೇರಿಯಾ ಜೀವಿಯ ಜೀವನಚಕ್ರ, ರಕ್ತದ ಗುಂಪು, ಇವೆಲ್ಲ ನರ್ಸಿಂಗಲ್ಲಿ ಮತ್ತೆ ಎದುರಾಗುವಂಥವೇ.

ಸರ್ಕಾರಿ ಸೀಟು ಬೇಕಿದ್ದರೆ ಸಿಇಟಿ, ಅಂದರೆ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆದಿರಬೇಕು. ಇಲ್ಲೇ ನಮ್ಮ ಕಡೆ ಮಕ್ಕಳು ಎಡವುವುದು. ಸಿಇಟಿ ಅರ್ಜಿ ಕರೆಯುವುದು ಪಿಯುಸಿ ಪರೀಕ್ಷೆಗೂ ಮೊದಲು, ಸಾಮಾನ್ಯವಾಗಿ ಜನವರಿ, ಫೆಬ್ರವರಿ ಹೊತ್ತಿಗೆ. ನರ್ಸಿಂಗ್ ನೆನಪಾಗುವುದು ರಿಸಲ್ಟ್ ಬಂದ ಮೇಲೆ. ಸೈನ್ಸ್‌ನಲ್ಲಿ ವೀಕು ಅಂತ ಗೊತ್ತಿದ್ದವರು ಮೊದಲೇ ಅರ್ಜಿ ಹಾಕಿಡಿ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ.

ಅರ್ಜಿ ಹಾಕುವ ಮೊದಲೇ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ, ಅದರ ಮೇಲಿರುವ ಆರ್‌ಡಿ ನಂಬರ್ ಕೇಳುತ್ತಾರೆ. ಹೆಸರು, ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹಾಗೇ ಇರಲಿ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೂ ಮೀಸಲಾತಿ ಇದೆ. ಹೊಸನಗರ, ತೀರ್ಥಹಳ್ಳಿ, ಸೊರಬ ಕಡೆಯ ಎಷ್ಟೋ ಮಕ್ಕಳಿಗೆ ಇವೆರಡೂ ಅನ್ವಯಿಸುತ್ತವೆ, ಅಂಕ ಕಮ್ಮಿ ಇದ್ದವರಿಗೆ ಇದೇ ದೊಡ್ಡ ಆಸರೆ. ಆದರೂ ಕ್ಲೇಮ್ ಮಾಡದೆ ಬಿಟ್ಟವರನ್ನು ನೋಡಿದ್ದೇನೆ.

ಇನ್ನೊಂದು ಮಾತು, ಕಾಲೇಜು ಆಯ್ಕೆ ದಾಖಲಿಸುವ ಹೊತ್ತಿಗೆ ನಮ್ಮಲ್ಲಿ ಜಡಿಮಳೆ ಹಿಡಿದಿರುತ್ತದೆ, ಕರೆಂಟ್ ಹೋದರೆ ಮೂರು ದಿನ ಇಲ್ಲ, ನೆಟ್‌ವರ್ಕ್‌ಗೆ ಗುಡ್ಡದ ನೆತ್ತಿಗೆ ಕೊಡೆ ಹಿಡಿದು ಹತ್ತಬೇಕು. ಕೊನೇ ದಿನಕ್ಕೆ ಇಟ್ಟುಕೊಳ್ಳದೆ ಎರಡು ದಿನ ಮೊದಲೇ ಶಿವಮೊಗ್ಗದ ನೆಂಟರ ಮನೆಗೆ ಹೋಗಿ ಕೂತು ಮುಗಿಸಿ.

ಸರಿ, 135 ಮುಟ್ಟಲೇ ಇಲ್ಲ ಅನ್ನಿ. ಆಗ ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ. ಮೂರು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಒಟ್ಟು ಶೇ. 40, ಇಂಗ್ಲಿಷಿನಲ್ಲಿ ಪ್ರತ್ಯೇಕವಾಗಿ ಶೇ. 40 ಇದ್ದರೆ ಸಾಕು. ಇಲ್ಲಿ ಕನ್ನಡದ 95 ಕೈ ಹಿಡಿಯುತ್ತದೆ. ಆರ್ಟ್ಸ್, ಕಾಮರ್ಸ್ ಮಾಡಿದವರೂ ಸೇರಬಹುದು. ಮುಗಿಸಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿದರೆ ನೀವು ಸ್ಟಾಫ್ ನರ್ಸ್. ಆಮೇಲೆ ಬೇಕಿದ್ದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ, ಡಿಪ್ಲೊಮಾ ಆದವರಿಗೆ ಇರುವ ಪದವಿ. ನಾನು ಬಂದಿದ್ದು ಇದೇ ದಾರಿಯಲ್ಲಿ. ನೇರ ಬಿಎಸ್ಸಿಯ ನಾಲ್ಕರ ಬದಲು ಐದು ವರ್ಷ ಹಿಡಿಯುತ್ತದೆ, ಆದರೆ ನಡುವೆ ಕೆಲಸ ಮಾಡಿ ದುಡ್ಡು ಕೂಡಿಸಿ ಓದಬಹುದು. ಮನೆಯಲ್ಲಿ "ಡಿಪ್ಲೊಮಾ ಅಷ್ಟೇನಾ" ಅಂತ ಮೂಗು ಮುರಿಯುತ್ತಾರೆ. ಮುರಿಯಲಿ.

ಇನ್ನೊಂದು ದಾರಿ ಎಎನ್‌ಎಂ, ಅಂದರೆ ಸಹಾಯಕ ನರ್ಸ್-ಮಿಡ್‌ವೈಫ್ ಕೋರ್ಸ್. ಎರಡು ವರ್ಷ, ಹಳ್ಳಿ ಆರೋಗ್ಯ ಉಪಕೇಂದ್ರದ ಕೆಲಸ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಇರುವುದು ನಮ್ಮ ಸೊರಬ ತಾಲ್ಲೂಕಿನಲ್ಲೇ. ಉಣುಗಿನ ಕಾಲ ಬಂದಾಗ ಕಾಡಂಚಿನ ಮನೆಮನೆಗೆ ನಡೆಯುವ ಸಿಸ್ಟರ್‌ಗಳನ್ನು ನೋಡಿದ್ದರೆ ಅದೂ ಸಣ್ಣ ಕೆಲಸ ಅಲ್ಲ ಅಂತ ಗೊತ್ತಿರುತ್ತದೆ. ಆರು ತಿಂಗಳ "ನರ್ಸಿಂಗ್ ಕೋರ್ಸ್" ಬೋರ್ಡುಗಳಿಗೆ ಮಾತ್ರ ಮರುಳಾಗಬೇಡಿ, ಅದರಿಂದ ಕೌನ್ಸಿಲ್ ನೋಂದಣಿ ಸಿಗುವುದಿಲ್ಲ.

ಕಾಲೇಜು ನೋಡುವಾಗ ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ಬಿಎಸ್ಸಿ ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಅನ್ನುವುದು ನರ್ಸಿಂಗ್ ಕೌನ್ಸಿಲ್ ನಿಯಮ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿ. ಅದಕ್ಕಿಂತ ಒಳ್ಳೇ ಉಪಾಯ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ ಟೀ ಅಂಗಡಿಯಲ್ಲಿ ಯೂನಿಫಾರ್ಮ್ ಹಾಕಿದ ನರ್ಸಿಂಗ್ ಹುಡುಗಿಯರು ಸಿಗುತ್ತಾರೆ. "ನಿಮಗೆ ವಾರ್ಡ್ ಪೋಸ್ಟಿಂಗ್ ಎಲ್ಲಿ, ಪಾಠ ಮಾಡ್ತಾರಾ, ಫೀಸ್ ನಡುವೆ ಏರಿಸ್ತಾರಾ" ಅಂತ ಕೇಳಿ. ಬ್ರೋಷರಿನಲ್ಲಿ ಇಲ್ಲದ್ದೆಲ್ಲ ಹತ್ತು ನಿಮಿಷದಲ್ಲಿ ಹೊರಗೆ ಬರುತ್ತದೆ. ಒರಿಜಿನಲ್ ಅಂಕಪಟ್ಟಿ ಕೊಟ್ಟರೆ ರಸೀದಿ ಇಸ್ಕೊಳ್ಳಿ.

ಸೇರಿದ ಮೇಲೆ ಸೈನ್ಸ್ ಕಾಟ ಕೊಡುತ್ತಾ? ಬಿಎಸ್ಸಿಯಲ್ಲಿ ಮೊದಲ ಸೆಮಿಸ್ಟರ್‌ನಲ್ಲಿ ಅನಾಟಮಿ, ಫಿಸಿಯಾಲಜಿ, ಎರಡನೇದರಲ್ಲಿ ಬಯೋಕೆಮಿಸ್ಟ್ರಿ. ಕೊಡುತ್ತದೆ, ಸುಳ್ಳು ಹೇಳಲ್ಲ. ಜಾಸ್ತಿ ಹೆದರಿಸುವುದು ಇಂಗ್ಲಿಷ್ ಪುಸ್ತಕ. ಈ ರಜೆಯಲ್ಲೇ ದಿನಕ್ಕೆ ಹತ್ತು ಪದ, ಮೂಳೆಗಳ ಹೆಸರಿಂದ ಶುರು ಮಾಡಿ. ಲೆಕ್ಕದ ಭಯ ಮಾತ್ರ ಬೇಡ. 500 ಎಂಎಲ್ ಡ್ರಿಪ್ ಐದು ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ ಒಂದು ಎಂಎಲ್‌ಗೆ 15 ಹನಿ. 500ನ್ನು 15ರಿಂದ ಗುಣಿಸಿ, 300 ನಿಮಿಷದಿಂದ ಭಾಗಿಸಿ. ನಿಮಿಷಕ್ಕೆ 25 ಹನಿ. ಗಡಿಯಾರ ನೋಡುತ್ತಾ ಹನಿ ಎಣಿಸಬೇಕು.

ಪಕ್ಕದ ಮನೆಯವಳು ಈಗ ಎರಡನೇ ಸೆಮಿಸ್ಟರ್. ಮ್ಯಾಥ್ಸ್‌ನಲ್ಲಿ 35 ತಗೊಂಡವಳು ಮೊನ್ನೆ ಫೋನ್ ಮಾಡಿ ಈ ಹನಿ ಲೆಕ್ಕವನ್ನು ನನಗೇ ಬಾಯಲ್ಲಿ ಹೇಳಿ ತೋರಿಸಿದಳು. ಬಯೋಕೆಮಿಸ್ಟ್ರಿ ಬಗ್ಗೆ ಕೇಳಿದೆ. "ಅದೊಂದು ಕೇಳ್ಬೇಡಿ ಅಕ್ಕ" ಅಂದಳು.