ದಾವಣಗೆರೆಯ ಬಿಸಿಲಲ್ಲಿ 3 ಮೈಕ್ರಾನ್ ಕಣ ತಿರುಗಿಸಿದ್ದು

ಬೆಳಕಿನ ಚಿಮಟದಲ್ಲಿ ಕಣ ಹಿಡಿಯುವುದು ಬೇಗ ಕೈಗೆ ಬಂತು. ಲೇಸರನ್ನು ಸೂಕ್ಷ್ಮದರ್ಶಕದ 100ಎಕ್ಸ್ ಲೆನ್ಸಿನಿಂದ (ಆಬ್ಜೆಕ್ಟಿವ್) ಒಂದು ಬಿಂದುವಿಗೆ ತಂದರೆ ನೀರಲ್ಲಿ ತೇಲುವ ಕಣ ಅಲ್ಲೇ ಬಂದು ಕೂರುತ್ತದೆ. ಅಮೆರಿಕದ ಭೌತವಿಜ್ಞಾನಿ ಆರ್ಥರ್ ಆಶ್ಕಿನ್ ಮತ್ತು ಜೊತೆಗಾರರು 1986ರಲ್ಲಿ ತೋರಿಸಿದ್ದು ಇದನ್ನೇ. ಹಿಡಿದ ಕಣವನ್ನು ಬೇಕಾದ ಕಡೆಗೆ, ಬೇಕಾದ ವೇಗದಲ್ಲಿ ತಿರುಗಿಸೋಕೆ ಮಾತ್ರ ತಿಂಗಳುಗಳೇ ಹಿಡಿದವು.

ನಮ್ಮ ಪ್ರಯೋಗಾಲಯ ಇರುವುದು ದಾವಣಗೆರೆಯಲ್ಲಿ, ಲಾರಿ ಓಡಾಡುವ ರಸ್ತೆಯ ಪಕ್ಕ. ಅದುರು ತಡೆಯಲು ಸ್ಕೂಟರ್ ಟ್ಯೂಬ್‌ಗಳಿಗೆ ಅರ್ಧ ಗಾಳಿ ತುಂಬಿ, ಮೇಲೆ ಗ್ರಾನೈಟ್ ಚಪ್ಪಡಿ ಇಟ್ಟೆವು. “ಕಲ್ಲಿಗ್ಯಾಕ್ ಟ್ಯೂಬು ಸರ್?” ಅಂತ ಟೈರ್ ಅಂಗಡಿಯವರು ಕೇಳಿದ್ದರು. ಅದು ಈಗಲೂ ಚೆನ್ನಾಗಿ ಕೆಲಸ ಮಾಡುತ್ತಿದೆ.

ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್ ಮಣಿ ತಿರುಗಿಸೋಕೆ ಆಗಲ್ಲ. ಅದು ಎಲ್ಲ ದಿಕ್ಕಿಗೂ ಒಂದೇ ತರ ಇರುತ್ತದೆ, ಬೆಳಕಿಗೆ ಹಿಡಿತ ಸಿಗುವುದಿಲ್ಲ. ಬೇಕಾದದ್ದು ವ್ಯಾಟರೈಟ್. ಸುಣ್ಣದಕಲ್ಲಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಅದು, ಆದರೆ ಹರಳಿನ ಜೋಡಣೆ ಬೇರೆ. ಸುತ್ತುವ ಪೋಲರೈಸೇಷನ್ ಇರುವ ಬೆಳಕು, ಅಂದರೆ ಕಂಪನದ ದಿಕ್ಕು ಸುತ್ತುತ್ತಲೇ ಇರುವ ಬೆಳಕು, ಅದರೊಳಗೆ ಹಾದು ಹೋಗುವಾಗ ತನ್ನ ಸುತ್ತಿನ ಪಾಲನ್ನು ಕಣಕ್ಕೆ ಕೊಡುತ್ತದೆ. 1998ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಸುಣ್ಣದಕಲ್ಲಿನ ಮಾಮೂಲಿ ಹರಳಾದ ಕ್ಯಾಲ್ಸೈಟ್‌ನ ಚೂರುಗಳನ್ನು ಹೀಗೇ ತಿರುಗಿಸಿದ್ದರು. ವ್ಯಾಟರೈಟನ್ನು ನಾವೇ ಮಾಡಿಕೊಳ್ಳುತ್ತೇವೆ. ನೀರಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಅದು ಮೂಲೆಮೂಲೆಯ ಕ್ಯಾಲ್ಸೈಟ್ ಆಗಿಬಿಡುತ್ತದೆ, ಹಾಗಾಗಿ ಮಾಡಿದ ದಿನವೇ ಬಳಸುತ್ತೇವೆ.

ಬೆಳಕಿಗೆ ಈ ಸುತ್ತು ಕೊಡುವುದು ಕ್ವಾರ್ಟರ್ ವೇವ್ ಪ್ಲೇಟ್ ಅನ್ನೋ ಹರಳಿನ ಬಿಲ್ಲೆ. ಮೊದಲ ಬಾರಿ ಅದನ್ನು 45 ಡಿಗ್ರಿಗೆ ತಂದಾಗ ಕಣ ಸ್ವಲ್ಪ ಓರೆಯಾಗಿ ನಿಂತುಬಿಟ್ಟಿತು. ಪವರ್ ಏರಿಸಿದರೂ ಅಷ್ಟೇ. ಎರಡು ವಾರ ಕಣದ್ದೇ ತಪ್ಪು ಅಂದುಕೊಂಡೆ. ಕೊನೆಗೆ ಆಬ್ಜೆಕ್ಟಿವ್ ಬಿಚ್ಚಿ, ಆ ಜಾಗದಲ್ಲಿ ಪೋಲರೈಸರ್ (ಒಂದೇ ದಿಕ್ಕಿನ ಕಂಪನವನ್ನು ಬಿಡುವ ಫಿಲ್ಟರ್) ಇಟ್ಟು ತಿರುಗಿಸಿ ನೋಡಿದೆ. ಸರಿಯಾಗಿ ಸುತ್ತುವ ಬೆಳಕಾದರೆ ಪವರ್ ಮೀಟರಿನ ಅಂಕಿ ಕದಲಬಾರದು. ಇಲ್ಲಿ ಅದು ಅರ್ಧಕ್ಕರ್ಧ ಏರಿಳಿಯುತ್ತಿತ್ತು! ಪ್ಲೇಟನ್ನು ನಾನು ಡೈಕ್ರೋಯಿಕ್ ಕನ್ನಡಿಗಿಂತ (ಕೆಲವು ಬಣ್ಣ ಪ್ರತಿಫಲಿಸಿ ಉಳಿದದ್ದನ್ನು ಹಾಯಲು ಬಿಡುವ ಕನ್ನಡಿ) ಮುಂಚೆ ಇಟ್ಟಿದ್ದೆ. ಸರಿಯಾಗಿದ್ದ ಪೋಲರೈಸೇಷನ್ನನ್ನು ಕನ್ನಡಿ ಕೆಡಿಸುತ್ತಿತ್ತು. ಬೆಳಕು ಹೀಗೆ ಅರೆಬರೆ ಸುತ್ತುವಾಗ ಅದು ಕಣವನ್ನು ತಿರುಗಿಸುವುದಕ್ಕಿಂತ ಒಂದೇ ದಿಕ್ಕಿಗೆ ನಿಲ್ಲಿಸುವುದೇ ಜಾಸ್ತಿ.

ಪ್ಲೇಟನ್ನು ಕನ್ನಡಿ ದಾಟಿಸಿ, ಆಬ್ಜೆಕ್ಟಿವ್ ಬುಡದಲ್ಲೇ ಕೂರಿಸಿದೆ. ಅವತ್ತು ಸಿಕ್ಕ ಕಣಕ್ಕೆ ಒಂದು ಸಣ್ಣ ಚೂರು ಅಂಟಿಕೊಂಡಿತ್ತು. ಪವರ್ ಕಡಿಮೆ ಇಟ್ಟು ನೋಡಿದರೆ ಆ ಚೂರು ಗಡಿಯಾರದ ಮುಳ್ಳಿನ ಹಾಗೆ ನಿಧಾನ ಸುತ್ತುತ್ತಿತ್ತು. ಪ್ಲೇಟನ್ನು ಆ ಕಡೆ 45ಕ್ಕೆ ತಂದೆ. ನಿಂತಿತು, ಆಮೇಲೆ ಹಿಂದಕ್ಕೆ ಸುತ್ತಿತು. ಎಷ್ಟು ಸಲ ಹಾಗೆ ಮಾಡಿದೆನೋ, ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ.

ಚೂರು ಅಂಟದ ದುಂಡು ಕಣ ತಿರುಗುವುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಆಚೆ ಬದಿ ಪೋಲರೈಸರ್, ಬೆಳಕು ಅಳೆಯುವ ಫೋಟೋಡಯೋಡ್ ಇಡಬೇಕು. ಒಂದು ಸುತ್ತಿಗೆ ಸಿಗ್ನಲ್ ಎರಡು ಸಲ ಏರಿಳಿಯುತ್ತದೆ, ಎರಡರಿಂದ ಭಾಗಿಸೋದು ಮರೆಯಬೇಡಿ.

ಏಪ್ರಿಲ್‌ನಲ್ಲಿ ಇನ್ನೊಂದು ತೊಡಕು ಬಂತು. ಅದೇ ಕಣ, ಅದೇ 20 ಮಿಲಿವ್ಯಾಟ್. ಬೆಳಿಗ್ಗೆ ಸೆಕೆಂಡಿಗೆ 10 ಸುತ್ತು, ಮಧ್ಯಾಹ್ನ 12. ಲೇಸರ್ ಪವರ್ ಅಳೆದೆ, ಸರಿಯಾಗೇ ಇತ್ತು. ಬದಲಾಗಿದ್ದು ನೀರಿನ ಬಿಸಿ. 25 ಡಿಗ್ರಿಯಿಂದ 35ಕ್ಕೆ ಹೋದರೆ ನೀರಿನ ಸ್ನಿಗ್ಧತೆ, ಅಂದರೆ ಅಂಟುತನ, ಸುಮಾರು ಐದನೇ ಒಂದು ಪಾಲು ಇಳಿಯುತ್ತದೆ, ಕಣಕ್ಕೆ ತಡೆ ಅಷ್ಟೇ ಕಡಿಮೆ. ಈಗ ಸ್ಲೈಡ್ ಪಕ್ಕದಲ್ಲೇ ತಾಪಮಾನ ಅಳೆಯುವ ಒಂದು ಥರ್ಮೋಕಪಲ್ ಅಂಟಿಸಿದ್ದೇವೆ. ಪ್ರತಿ ರೀಡಿಂಗ್ ಪಕ್ಕ ತಾಪಮಾನ ಬರೆಯುತ್ತೇವೆ, ವೇಗ ಒಂದೇ ಇರಬೇಕು ಅಂದರೆ ಮಧ್ಯಾಹ್ನ ಪವರನ್ನು ಅದಕ್ಕೆ ತಕ್ಕಷ್ಟು ಇಳಿಸುತ್ತೇವೆ.