‘ಡಿಲೈಟ್’ ಪದದ ವಂಶಾವಳಿ ಹುಡುಕುವುದು ಹೇಗೆ?

ಇಂಗ್ಲಿಷಿನಲ್ಲಿ ಡಿಲೈಟ್ ಅಂದರೆ ಹಿಗ್ಗು. ಪದದೊಳಗೇ ಲೈಟ್ ಕೂತಿದೆ, ಹಾಗಾಗಿ ಬೆಳಕಿಗೂ ಇದಕ್ಕೂ ನಂಟಿರಬೇಕು ಅನ್ನಿಸುತ್ತದೆ, ಅಲ್ವಾ? ನಂಟಿಲ್ಲ. ಇದನ್ನು ನೀವೇ ಪತ್ತೆ ಮಾಡಬಹುದು. ಪದಮೂಲ ಹೇಳುವ ನಿಘಂಟೊಂದು ಇದ್ದರೆ ಸಾಕು. ಲೈಬ್ರರಿಯಲ್ಲಿ ಆಕ್ಸ್‌ಫರ್ಡಿನ ದೊಡ್ಡ ನಿಘಂಟು ಸಿಕ್ಕರೆ ಅದೃಷ್ಟ. ಇಲ್ಲವೇ ಎಟಿಮಾನ್‌ಲೈನ್ ಜಾಲತಾಣ ನೋಡಿ, ದುಡ್ಡು ಕೊಡಬೇಕಿಲ್ಲ.

ಮೊದಲು ಅರ್ಥವನ್ನು ಪಕ್ಕಕ್ಕಿಟ್ಟು ಹಳೆಯ ಕಾಗುಣಿತ ಹುಡುಕಿ. 13ನೇ ಶತಮಾನದ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಡೆಲೀಟ್’. (ಕಂಪ್ಯೂಟರಿನ ಡಿಲೀಟ್ ಬೇರೆ!) ಲೈಟ್‌ನಲ್ಲಿರುವ ಜಿ, ಎಚ್ ಅಕ್ಷರಗಳ ಸುಳಿವೇ ಅದರಲ್ಲಿಲ್ಲ.

ಹಾಗಾದರೆ ಅವು ಯಾವಾಗ ಬಂದವು? ಪತ್ತೇದಾರಿಯ ಮಜಾ ಇಲ್ಲೇ ಇದೆ. ಲೈಟ್, ನೈಟ್ ಪದಗಳ ಜಿ-ಎಚ್ ಒಂದು ಕಾಲದಲ್ಲಿ ಸುಮ್ನೆ ಇರಲಿಲ್ಲ. ಜರ್ಮನ್ನರು ಈಗಲೂ ರಾತ್ರಿಗೆ ‘ನಾಖ್ಟ್’ ಅನ್ನುವಂತೆ ಅದನ್ನು ಗಂಟಲಿನಿಂದ ಉಚ್ಚರಿಸುತ್ತಿದ್ದರು. ಬರಬರುತ್ತಾ ಆ ಸದ್ದು ಸತ್ತಿತು, ಬರಹ ಮಾತ್ರ ಉಳಿಯಿತು. ಅತ್ತ ಇಂಗ್ಲಿಷಿನ ಸ್ವರಗಳು ಬದಲಾಗಿ ‘ಡೆಲೀಟ್’ನ ‘ಲೀಟ್’ ಕೂಡ ‘ಲೈಟ್’ ಆಯಿತು. ಕಿವಿಗೆ ಎರಡೂ ಒಂದೇ. ಬರೆಯುವವರು 16ನೇ ಶತಮಾನದಲ್ಲಿ ಡಿಲೈಟ್‌ಗೂ ಅದೇ ಜಿ-ಎಚ್ ತೊಡಿಸಿಬಿಟ್ಟರು.

ಮುಂದಿನ ಹೆಜ್ಜೆ, ಪದ ಯಾರ ಮನೆಯಿಂದ ಬಂತೆಂದು ನೋಡುವುದು. 1066ರಲ್ಲಿ ಉತ್ತರ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿ ಬಂದವು. ಇದೂ ಹಳೆಯ ಫ್ರೆಂಚಿನದೇ. ಅದರಾಚೆಗೆ ಲ್ಯಾಟಿನ್ನಿನ ‘ಡೆಲೆಕ್ಟಾರೆ’, ಅಂದರೆ ಖುಷಿಪಡಿಸು. ಅದನ್ನೂ ಬಿಡಿಸಿದರೆ ತಳದಲ್ಲಿ ಸಿಗುವುದು ‘ಲಾಕೆರೆ’: ಆಸೆ ತೋರಿಸಿ ಸೆಳೆ, ಮರುಳುಮಾಡು. ಬೆಳಕಿಗಿಂತ ಈ ಪೋಲಿ ಅಜ್ಜನೇ ನನಗೆ ಜಾಸ್ತಿ ಇಷ್ಟ.

ಕೊನೆಗೆ ದಾಯಾದಿಗಳನ್ನು ಹುಡುಕಿ. ಬಾಯಲ್ಲಿ ನೀರೂರಿಸುವ ಡಿಲಿಷಿಯಸ್ ಇದೇ ಬೇರಿನದು. ಕಲೆಯನ್ನು ಬರೀ ಶೋಕಿಗೆ ಹಚ್ಚಿಕೊಂಡವರನ್ನು ಕರೆಯುವ ಡಿಲೆಟಾಂಟ್ ಇಟಲಿ ಸುತ್ತಿಕೊಂಡು ಬಂದ ನೆಂಟ.

ಇದೇ ದಾರಿಯಲ್ಲಿ ‘ಹಾಟಿ’ (ಜಂಬದ) ಪದವನ್ನೂ ಪರೀಕ್ಷಿಸಿ. ಎತ್ತರ ಎನ್ನುವ ಫ್ರೆಂಚ್ ಪದ ಅದರ ಮೂಲ, ಅಲ್ಲೂ ಜಿ-ಎಚ್ ಆಮೇಲೆ ನುಸುಳಿದ್ದೇ.