ಉಳ್ಳಾಲ ನೋಡಲು ಬರುವವರಿಗೆ: ಅಳಿವೆಯಿಂದ ಶುರು ಮಾಡಿ

ಮಂಗಳೂರಿನ ಪಕ್ಕದ ಉಳ್ಳಾಲಕ್ಕೆ ಬರುವ ಹೆಚ್ಚಿನವರು ನೇರ ಸೋಮೇಶ್ವರದ ಕಡಲ ತೀರಕ್ಕೆ ಹೋಗುತ್ತಾರೆ. ಸೂರ್ಯ ಮುಳುಗುವುದನ್ನು ನೋಡಿ, ಚರುಮುರಿ ತಿಂದು ವಾಪಸ್. ಅದೂ ಒಳ್ಳೆಯದೇ. ಆದರೆ ಈ ಊರಿನ ಚರಿತ್ರೆ ತಿಳಿಯುವ ಆಸೆ ಇದ್ದರೆ ಸೋಮೇಶ್ವರವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗ ನೋಡಿ. ನಾನು ತೊಕ್ಕೊಟ್ಟಿನಲ್ಲಿ ಹುಟ್ಟಿ ಬೆಳೆದವಳು, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಮಕ್ಕಳನ್ನು ಕರೆದುಕೊಂಡು ಹೊರಟಾಗಲೆಲ್ಲ ಇದೇ ಕ್ರಮ. ನೀರು ತೋರಿಸದೆ, ಪೋರ್ಚುಗೀಸರಿಗೆ ಎದುರು ನಿಂತ ಉಳ್ಳಾಲದ ರಾಣಿ ಅಬ್ಬಕ್ಕನ ಕತೆ ಹೇಳಿದರೆ ಮಕ್ಕಳಿಗೆ ಯುದ್ಧ ನೆನಪಿರುತ್ತದೆ, ಯುದ್ಧ ಯಾಕೆ ಆಯಿತು ಅನ್ನುವುದು ನೆನಪಿರುವುದಿಲ್ಲ.

ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ ಏಳಕ್ಕೆಲ್ಲ ಹೊರಡಿ, ಹನ್ನೊಂದರ ಮೇಲೆ ಹೊಯಿಗೆಯ (ಮರಳಿನ) ಮೇಲೆ ನಡೆಯಲಾಗುವುದಿಲ್ಲ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಸಿಟಿ ಬಸ್ಸು ಸಿಗುತ್ತದೆ. ಸುಮಾರು 10 ಕಿಲೋಮೀಟರ್ ದಾರಿ. ಕಾರಿಗಿಂತ ಬಸ್ಸೇ ಮೇಲು, ಸೇತುವೆ ದಾಟುವಾಗ ಕಿಟಕಿಯಿಂದ ನೇತ್ರಾವತಿಯ ಅಗಲ ನೋಡಬಹುದು. ಪಕ್ಕದಲ್ಲಿ ರೈಲು ಸೇತುವೆ ಕಾಣುತ್ತದೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮೊದಲು ಈ ನದಿ ದಾಟಲು ದೋಣಿಯೇ ಗತಿಯಾಗಿತ್ತು ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ದಾಟಿ.

ಉಳ್ಳಾಲದಲ್ಲಿ ಇಳಿದು ಆಟೋ ಹಿಡಿದು ಕೋಟೆಪುರಕ್ಕೆ ಹೋಗಿ. ಅಲ್ಲಿ ನೆಲ ತೆಳ್ಳಗಾಗುತ್ತಾ ಹೋಗುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ನದಿ. ಮೀನಿನ ಕಾರ್ಖಾನೆಗಳ ವಾಸನೆ ಜಾಸ್ತಿ ಇರುತ್ತದೆ, ಅದಕ್ಕೆ ಹಿಂದೆ ತಿರುಗಬೇಡಿ. ಉತ್ತರಕ್ಕೆ ಮುಖ ಮಾಡಿ ನಿಂತುಕೊಳ್ಳಿ. ಎದುರಿಗೆ ಬೆಂಗ್ರೆ. ಬಲಗಡೆ ಆಚೆ ದಡದಲ್ಲಿ ಹೊಯಿಗೆ ಬಜಾರ್, ಅದರಾಚೆ ಹಳೆ ಬಂದರು. ನೇತ್ರಾವತಿಯೂ ಫಲ್ಗುಣಿಯೂ ಸೇರಿ ಕಡಲಿಗೆ ಹೋಗುವ ಬಾಗಿಲು ಇದು. ಒಳನಾಡಿನ ಅಕ್ಕಿ, ಕರಿಮೆಣಸು ದೋಣಿಯಲ್ಲಿ ಇಳಿದು ಬಂದು ಹಡಗು ಹತ್ತುತ್ತಿದ್ದ ಜಾಗ. ಈ ಬಾಗಿಲಿನ ಪಕ್ಕದಲ್ಲಿ ಕೂತವರ ಕೈಯಲ್ಲಿ ವ್ಯಾಪಾರ ಇರುತ್ತಿತ್ತು.

ಪೋರ್ಚುಗೀಸರಿಗೂ ಬೇಕಾಗಿದ್ದದ್ದು ಅದೇ. ಅರಬಿ ಸಮುದ್ರದಲ್ಲಿ ಹೋಗುವ ಹಡಗುಗಳು ತಮ್ಮಿಂದ ಕಾರ್ಟಾಜ್ ಎಂಬ ಪಾಸು ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಹಡಗು ಜಪ್ತಿ ಎಂಬ ನಿಯಮ ಅವರದ್ದು. ತನ್ನ ಬಂದರಿನಿಂದ ತಾನು ಸರಕು ಕಳಿಸಲು ಬೇರೆಯವರ ಚೀಟಿ ಯಾಕೆ ಬೇಕು? ಉಳ್ಳಾಲದ ಜಗಳದ ಬುಡ ಇಲ್ಲಿದೆ. ನಾನು ಮಕ್ಕಳಿಗೆ ಅಳಿವೆ ತೋರಿಸಿಯೇ ಈ ಪ್ರಶ್ನೆ ಕೇಳುತ್ತಿದ್ದೆ. ಉತ್ತರ ಅವರೇ ಕೊಡುತ್ತಿದ್ದರು.

ಇನ್ನು ಅಬ್ಬಕ್ಕ. ಅವಳ ಮನೆತನದವರಾದ ಚೌಟರು ಜೈನ ಅರಸರು, ಅವರಲ್ಲಿ ಅಳಿಯಸಂತಾನ ಪದ್ಧತಿ, ಅಂದರೆ ಹಕ್ಕು ಹೆಣ್ಣಿನ ಕಡೆಯಿಂದ ಬರುವುದು. ಆದ್ದರಿಂದ ಹೆಣ್ಣು ಪಟ್ಟಕ್ಕೆ ಬಂದದ್ದು ಇಲ್ಲಿ ವಿಚಿತ್ರ ಅಲ್ಲ. ಸೋದರಮಾವ ತಿರುಮಲರಾಯ ಅವಳನ್ನು ತಯಾರು ಮಾಡಿದ, ಮದುವೆ ಮಂಗಳೂರಿನ ಬಂಗ ಅರಸನ ಜೊತೆ ಆಯಿತು, ಆಮೇಲೆ ಮುರಿಯಿತು ಎಂದು ಕತೆ. ರಾತ್ರಿ ಮಸೀದಿಯಲ್ಲಿ ಅಡಗಿ ಪೋರ್ಚುಗೀಸರ ಮೇಲೆ ಬಿದ್ದಳು, ಅಗ್ನಿಬಾಣ ಬಿಟ್ಟಳು ಅಂತಲೂ ಹೇಳುತ್ತಾರೆ. ಎಲ್ಲವನ್ನೂ ಕೇಳಿಸಿಕೊಳ್ಳಿ. ಆದರೆ ಜೊತೆಯಲ್ಲಿ ಒಂದು ಪುಟ್ಟ ನೋಟ್‌ಬುಕ್ ಇರಲಿ, ಅದರಲ್ಲಿ ಒಂದು ಗೆರೆ ಎಳೆದು ಇಸವಿಗಳನ್ನು ಬರೆಯಿರಿ. 1555: ಉಳ್ಳಾಲದ ಮೇಲೆ ಪೋರ್ಚುಗೀಸ್ ಹಡಗುಪಡೆ ಬಂತು. 1568: ಗೋವಾದ ವೈಸ್‌ರಾಯ್ ಆಂತಾವ್ ದ ನೊರೊನ್ಯ ಸೈನ್ಯದೊಂದಿಗೆ ಬಂದು ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ ಹೆಸರಿನ ಕೋಟೆ ಕಟ್ಟಿಸಿದ. 1623: ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದ. ಮೊದಲ ಇಸವಿಗೂ ಕೊನೆಯದಕ್ಕೂ 68 ವರ್ಷದ ಅಂತರ. ಒಬ್ಬಳೇ ರಾಣಿ ಇಷ್ಟು ಕಾಲ ಆಳಿದಳಾ? ಒಂದಕ್ಕಿಂತ ಹೆಚ್ಚು ಅಬ್ಬಕ್ಕಂದಿರು ಇದ್ದರು ಎಂದು ಇತಿಹಾಸಕಾರರು ಹೇಳುವುದು ಇದಕ್ಕೇ. ನನಗೂ ಹಾಗೇ ಅನಿಸುತ್ತದೆ. ಇದರಿಂದ ಅಬ್ಬಕ್ಕನ ಗೌರವ ಒಂದು ಚೂರೂ ಕಡಿಮೆ ಆಗುವುದಿಲ್ಲ. ಒಂದು ಮನೆತನದ ಹೆಂಗಸರು ಪೋರ್ಚುಗೀಸರಿಗೆ ಇಷ್ಟು ಕಾಲ ಎದುರು ನಿಂತರು ಅನ್ನುವುದು ಇನ್ನೂ ದೊಡ್ಡ ಸಂಗತಿ ಅಲ್ವಾ?

ದೆಲ್ಲಾ ವಾಲ್ಲೆ ಕಂಡ ರಾಣಿ ಸಿಂಹಾಸನದ ಮೇಲೆ ಕೂತಿರಲಿಲ್ಲ. ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು, ತಾನು ತೋಡಿಸುತ್ತಿದ್ದ ಕಾಲುವೆ ಕೆಲಸ ನೋಡಿಕೊಳ್ಳುತ್ತಿದ್ದಳು. ಊರಿನಲ್ಲಿರುವ ಅಬ್ಬಕ್ಕನ ಪ್ರತಿಮೆಯ ಮುಂದೆ ನಿಂತಾಗ ಆ ಬರಿಗಾಲಿನ ಹೆಂಗಸನ್ನೂ ನೆನೆಯಿರಿ. 2012ರಲ್ಲಿ ಕರಾವಳಿ ಕಾವಲು ಪಡೆಗೆ ಸೇರಿದ ಒಂದು ಹಡಗಿಗೆ ರಾಣಿ ಅಬ್ಬಕ್ಕ ಎಂದೇ ಹೆಸರು. ಆ ಸುದ್ದಿ ಬಂದಾಗ ನಮ್ಮ ಕ್ಲಾಸಿನಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲ.

ಅಳಿವೆಯಿಂದ ಊರಿನೊಳಗೆ ನಡೆದೇ ಬನ್ನಿ. ಗಲ್ಲಿಗಳಲ್ಲಿ ಹೆಂಚಿನ ಮನೆ ಸಿಕ್ಕಿದರೆ, ಅಂಗಳದಲ್ಲಿ ಇಳಿಸಿಟ್ಟ ಹಳೆ ಹೆಂಚಿದ್ದರೆ, ಕೇಳಿ ಕೈಗೆ ತೆಗೆದುಕೊಳ್ಳಿ. ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರೂ ಒಂದು ಇಸವಿಯೂ ಕಾಣಬಹುದು. ಬಾಸೆಲ್ ಮಿಷನ್ (ಹೆಂಚಿನ ಕಾರ್ಖಾನೆ ನಡೆಸಿದ ಕ್ರೈಸ್ತ ಸಂಸ್ಥೆ) ಎಂದೂ 1865 ಎಂದೂ ಇದ್ದರೆ ಮನೆ ಅಷ್ಟು ಹಳೆಯದು ಅಂತ ತಿಳಿಯಬೇಡಿ. ಅದು ಕಾರ್ಖಾನೆ ಶುರುವಾದ ವರ್ಷ. ನೇತ್ರಾವತಿಯ ಆಚೆ ದಡದ ಜೆಪ್ಪುವಿನಲ್ಲಿ ಆ ಕಾರ್ಖಾನೆ ಇತ್ತು. ಜೇಡಿಮಣ್ಣು ಬಂದದ್ದೂ ಇದೇ ನದಿಯ ದೋಣಿಗಳಲ್ಲಿ.

ದರ್ಗಾಕ್ಕೆ ಹೋಗುವುದನ್ನು ತಪ್ಪಿಸಬೇಡಿ. ಮದೀನಾದಿಂದ ಬಂದರೆನ್ನುವ ಸೈಯದ್ ಮುಹಮ್ಮದ್ ಶರೀಫುಲ್ ಮದನಿ ಅವರ ಸಮಾಧಿ ಇಲ್ಲಿದೆ. ಐದು ವರ್ಷಕ್ಕೊಮ್ಮೆ ಉರೂಸ್ ನಡೆಯುತ್ತದೆ, ಎಲ್ಲ ಜಾತಿ ಮತದವರೂ ಬರುತ್ತಾರೆ. ತಲೆಗೆ ಸೆರಗೋ ಕರವಸ್ತ್ರವೋ ಇರಲಿ. ಶುಕ್ರವಾರ ಮಧ್ಯಾಹ್ನ ನಮಾಜಿನ ರಶ್ಶು ಇರುತ್ತದೆ, ಬೇರೆ ಹೊತ್ತು ನೋಡಿಕೊಳ್ಳಿ. ತೊಕ್ಕೊಟ್ಟಿನ ಪೆರ್ಮನ್ನೂರಿನಲ್ಲಿ ಸಂತ ಸೆಬಾಸ್ಟಿಯನ್ ಚರ್ಚು ಇದೆ, ಬಸ್ಸಿಗೆ ವಾಪಸ್ ಬರುವಾಗ ನೋಡಬಹುದು. ಗೇರು ಬೆಳೆಯುವವರಾದರೆ ಇಲ್ಲಿನ ಸಂಶೋಧನಾ ಕೇಂದ್ರದ ಹೆಸರು ಗೊತ್ತೇ ಇರುತ್ತದೆ. ಉಳ್ಳಾಲ-1, ಉಳ್ಳಾಲ-3 ತಳಿಗಳು ಅಲ್ಲಿಯವೇ.

ಜನರ ಹತ್ತಿರ ಮಾತಾಡುವುದು ಹೇಗೆ ಅನ್ನುವುದೂ ಮುಖ್ಯ. ಕ್ಯಾಮೆರಾ ಮೊದಲು ತೆಗೆಯಬೇಡಿ. ತುಳು ಬಂದರೆ "ಎಂಚ ಉಲ್ಲರ್ ಅಣ್ಣ?" (ಹೇಗಿದ್ದೀರಿ ಅಣ್ಣ?) ಎಂದು ಶುರು ಮಾಡಿ. ಬಾರದಿದ್ದರೆ ಕನ್ನಡದಲ್ಲೇ ಅಣ್ಣ, ಅಕ್ಕ ಎಂದು ಮಾತಿಗೆ ಕೂರಿ. ಬಲೆ ಹೊಲಿಯುವ ಹಿರಿಯರಿಗೆ ಅಬ್ಬಕ್ಕನ ಬಗ್ಗೆ ಅಲ್ಲ, ಕಡಲಿನ ಬಗ್ಗೆ ಕೇಳಿ. "ನೀವು ಸಣ್ಣವರಿದ್ದಾಗ ಕಡಲು ಎಲ್ಲಿವರೆಗೆ ಇತ್ತು?" ಈ ಒಂದು ಪ್ರಶ್ನೆ ಸಾಕು. ನಮ್ಮ ಅತ್ತೆ ಕೈ ಚಾಚಿ ನೀರಿನ ನಡುವಿನ ಜಾಗ ತೋರಿಸುತ್ತಿದ್ದರು. ಅಲ್ಲಿ ಅವರ ತವರಿನವರ ತೆಂಗಿನ ತೋಟ ಇತ್ತು. ಮಳೆಗಾಲದ ಕಡಲ್ಕೊರೆತ ಮನೆ, ರಸ್ತೆ, ಮರ ಎಲ್ಲವನ್ನೂ ತೆಗೆದುಕೊಂಡು ಹೋಗಿದೆ. ಕಲ್ಲಿನ ತಡೆಗೋಡೆಗಳು, ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ಸಾಲದ ಯೋಜನೆಯಲ್ಲಿ ಅಲೆ ತಡೆಯಲು ನೀರಿನೊಳಗೆ ಕಟ್ಟಿದ ದಿಬ್ಬಗಳು (ರೀಫುಗಳು) ಬಂದದ್ದು ಆಮೇಲೆ. ಆ ಗೋಡೆಗಳ ಉದ್ದಕ್ಕೂ ಸ್ವಲ್ಪ ದೂರ ನಡೆಯಿರಿ. ಅಬ್ಬಕ್ಕನ ಕಾಲದ ಕಟ್ಟಡ ಇಲ್ಲಿ ಹೆಚ್ಚು ಉಳಿದಿಲ್ಲ ಎಂದು ಬೇಜಾರು ಮಾಡಿಕೊಳ್ಳುವವರು ಇದನ್ನು ನೋಡಲೇಬೇಕು. ಕಲ್ಲು ಕಡಿಮೆ ಸಿಗುವ ಊರಿನಲ್ಲಿ ಹಿರಿಯರ ಮಾತೇ ದಾಖಲೆ. ಬರೆದುಕೊಳ್ಳಿ, ಹೇಳಿದವರ ಹೆಸರೂ ತಾರೀಕೂ ಪಕ್ಕದಲ್ಲೇ ಇರಲಿ.

ಮಧ್ಯಾಹ್ನ ಸಣ್ಣ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ, ಮೀನು ದುಬಾರಿ.

ಸಂಜೆ ಈಗ ಸೋಮೇಶ್ವರಕ್ಕೆ ಹೋಗಿ. ಸೋಮನಾಥ ದೇವಸ್ಥಾನ ಕಡಲಿಗೆ ಒತ್ತಿಕೊಂಡೇ ಇದೆ, ಅದರ ಕೆಳಗೆ ರುದ್ರಶಿಲೆ ಎನ್ನುವ ದೊಡ್ಡ ಬಂಡೆಗಳು. ಅಬ್ಬಕ್ಕನ ಹೆಸರನ್ನು ಈ ದೇವಸ್ಥಾನದ ಜೊತೆಗೂ ಜನ ಸೇರಿಸಿ ಹೇಳುತ್ತಾರೆ. ಬಂಡೆಯ ಮೇಲೆ ಪಾಚಿ ಇರುತ್ತದೆ, ಸೆಳೆತ ಜೋರು. ಇಲ್ಲಿ ಪ್ರಾಣ ಕಳೆದುಕೊಂಡವರು ಬಹಳ. ಈಜು ಬಂದರೂ ನೀರಿಗೆ ಇಳಿಯಬೇಡಿ, ಮಕ್ಕಳ ಕೈ ಬಿಡಬೇಡಿ.

ಒಂದೇ ದಿನದಲ್ಲಿ ಎಲ್ಲ ಮುಗಿಸುವ ಆತುರ ಬೇಡ. ಇನ್ನೊಂದು ದಿನ ಬಿ.ಸಿ. ರೋಡಿನ ಸಂಚಯಗಿರಿಗೆ ಹೋಗಿ, ಅಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದವರು ತುಳುವರ ಹಳೆ ಮನೆಬಳಕೆಯ, ಬೇಸಾಯದ ವಸ್ತುಗಳನ್ನು ಕೂಡಿಸಿಟ್ಟಿದ್ದಾರೆ. ಮೂಡುಬಿದಿರೆಯಲ್ಲಿ ಚೌಟರ ಅರಮನೆ ಇದೆ. ಅಲ್ಲಿನ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರಿ ಕುಂಜರ, ಐವರು ಸೇರಿ ಕುದುರೆಯಾದ ಪಂಚನಾರಿ ತುರಗ ಕೆತ್ತಿದ್ದಾರೆ. ಒಳಗೆ ಹೋಗುವ ಮೊದಲು ಬಾಗಿಲಲ್ಲಿ ನಿಂತು ಕೇಳಿ. ಅದು ಮ್ಯೂಸಿಯಂ ಅಲ್ಲ, ಚೌಟ ಮನೆತನದವರು ಇಂದಿಗೂ ವಾಸ ಇರುವ ಮನೆ.